ಎದುರು ಹಿಡಿಕೆ

ನಮ್ಮ ಊರಲ್ಲಿ ಯಾರಾದರೂ ತೀರಿಕೊಂಡರೆ, ಹೇಗೆ ತೀರಿಕೊಂಡರು ಎಂದು ಕೇಳುವ ರೂಢಿಯಿಲ್ಲ. ಮಣ್ಣು ಕೊಟ್ಟು ಬಂದು, ಕೈಕಾಲು ತೊಳೆದು, ಕಟ್ಟೆಯ ಮೇಲೆ ಕುಳಿತ ಮೇಲೆ, "ಏನು ಉಳೀತು?" ಎಂದು ಕೇಳುತ್ತಾರೆ. ಮನೆಯವರು ಒಳಗೆ ಹೋಗಿ ಕಿವಿಗೊಟ್ಟು ನಿಂತು, ಹೊರಗೆ ಬಂದು ಹೇಳುತ್ತಾರೆ. ಹಿಟ್ಟಿನ ಗಿರಣಿಯ ಚಂದ್ರಾಮಪ್ಪ ಹೋದಾಗ ಅವನ ಗೊರಕೆ ಉಳಿದಿತ್ತು. "ಇದ್ದಾಗ ಮಗ್ಗಲಕ ತಿವಿದ್ರ ನಿಲ್ತಿತ್ತು, ಇನ್ನ ಎಲ್ಲಿ ತಿವೀಲಿ?" ಎಂದು ಅವನ ಹೆಂಡತಿ ಕೇಳಿ, ಅಳುತ್ತಿದ್ದವರನ್ನೆಲ್ಲ ನಗಿಸಿಬಿಟ್ಟಳು. ಬಳೆಗಾರರ ಮನೆಯಲ್ಲಿ ಅಜ್ಜಿಯ ನಗು ಉಳಿದಿತ್ತು. ಅದನ್ನು ಕಳಿಸಿಕೊಡಲು ಮನೆಯವರಿಗೆ ಮನಸ್ಸಾಗಲಿಲ್ಲ. ಒಂದು ವರ್ಷ ಇಟ್ಟುಕೊಂಡರು. ಕೊನೆಗೆ ಊರ ಹಿರಿಯರೇ ಹೋಗಿ, ಮುದುಕಿಗೂ ದಣಿವಾಗಿರುತ್ತದೆ, ಬಿಟ್ಟುಕೊಡಿ ಎಂದು ಹೇಳಬೇಕಾಯಿತು.

ನನ್ನ ಹೆಂಡತಿ ನೀಲಗಂಗವ್ವ ತೀರಿಕೊಂಡಾಗ ಉಳಿದದ್ದು ಅವಳ ಉಬ್ಬಸ.

ನಡುಮನೆಯ ಕಂಬಕ್ಕೆ ಒರಗಿ ಅವಳು ಕೊನೆಯ ಮೂರು ದಿನ ಕುಳಿತಿದ್ದಳು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಅವಳನ್ನು ಮಣ್ಣಿಗೆ ಕೊಟ್ಟು ಬಂದು ಬಾಗಿಲು ತೆರೆದರೆ, ಆ ಕಂಬದ ಬುಡದಲ್ಲಿ ಅದೇ ಉಸಿರು. ಎಳೆಯುತ್ತದೆ, ನಡುವೆ ಎಲ್ಲೋ ಸಿಕ್ಕಿಕೊಳ್ಳುತ್ತದೆ, ಕುದಿಯುವ ಗಡಿಗೆಯ ಮುಚ್ಚಳದಂತೆ ಸಣ್ಣಗೆ ಕಟಕಟಿಸುತ್ತದೆ, ಮತ್ತೆ ಎಳೆಯುತ್ತದೆ. ದೇಹ ಬಿಟ್ಟವಳಿಗೆ ಸಂಕಟ ಬಿಟ್ಟಿರಲಿಲ್ಲ. ನಾನು ಐವತ್ತು ವರ್ಷ ಮಠದಲ್ಲಿ ಪುರಾಣ ಓದಿದವನು. ಸಾವು ಎಂದರೆ ಬಟ್ಟೆ ಬದಲಿಸಿದಂತೆ ಎಂದು ಎಷ್ಟು ಮನೆಗಳಲ್ಲಿ ಹೇಳಿ ಬಂದಿದ್ದೇನೋ ಲೆಕ್ಕವಿಲ್ಲ. ಆ ದಿನ ನನ್ನ ಮನೆಯ ಕಂಬದ ಮುಂದೆ ನಿಂತಾಗ ಅದರಲ್ಲಿ ಒಂದು ಮಾತೂ ನನ್ನ ನೆರವಿಗೆ ಬರಲಿಲ್ಲ.

ಹೀಗೆ ಉಳಿದದ್ದನ್ನು ದಾಟಿಸಿಕೊಡಲು ನಮ್ಮಲ್ಲಿ ತೊಟ್ಟಿ ಇಡುತ್ತಾರೆ. ಆ ಕೆಲಸ ಮೌನೇಶಪ್ಪನದು. ಅವನ ತೊಟ್ಟಿ ಗಾಜಿನದು, ಮೊಳದುದ್ದ, ಗೇಣಗಲ. ಎರಡು ತುದಿಗೂ ಒಂದೊಂದು ತಾಮ್ರದ ತಗಡು ನಿಲ್ಲಿಸಿ, ನಡುವೆ ಸೋಸಿದ ಔಡಲೆಣ್ಣೆ ತುಂಬುತ್ತಾನೆ. ಸತ್ತವರು ಮೈಮೇಲೆ ಧರಿಸಿದ್ದ ಬೆಳ್ಳಿಯನ್ನು ಅರದಿಂದ ತಿಕ್ಕಿ, ವಿಭೂತಿಗಿಂತ ನುಣ್ಣಗೆ ಪುಡಿ ಮಾಡಿ, ಎಣ್ಣೆಯಲ್ಲಿ ಕದಡುತ್ತಾನೆ. ಪಕ್ಕದಲ್ಲಿ ವಿದ್ಯುತ್ತಿನ ಪೆಟ್ಟಿಗೆ ಇರುತ್ತದೆ, ಕೈಯಿಂದ ತಿರುಗಿಸುವಂಥದ್ದು. ಅದಕ್ಕೆ ಎರಡು ಹಿಡಿಕೆಗಳು. ಒಂದು ಮನೆಯ ಹಿಡಿಕೆ. ಸತ್ತವರಿಗೆ ಎಲ್ಲರಿಗಿಂತ ಹತ್ತಿರವಾದವರು ಹಿಡಿಯಬೇಕು. ಇನ್ನೊಂದು ಎದುರು ಹಿಡಿಕೆ. ಸತ್ತವರ ಮನಸ್ಸಿನಲ್ಲಿ ಯಾರ ಮೇಲೆ ಏನಾದರೂ ಆಡದೆ ಉಳಿದಿತ್ತೋ ಅವರು ಹಿಡಿಯಬೇಕು. ಮರ ಕೊಯ್ಯುವ ಇಬ್ಬರು ಗರಗಸ ಎಳೆದಂತೆ, ಒಬ್ಬರು ಒತ್ತಿದಾಗ ಇನ್ನೊಬ್ಬರು ಬಿಡಬೇಕು, ಇವರು ಬಿಟ್ಟಾಗ ಅವರು ಒತ್ತಬೇಕು. ಎಳೆತ ಒಂದೇ ಕಡೆಗಾದರೆ ಬೆಳ್ಳಿಯ ಪುಡಿ ಒಂದು ತಗಡಿಗೆ ಹೋಗಿ ಗುಡ್ಡೆ ಬೀಳುತ್ತದೆ. ಅತ್ತಿಂದಿತ್ತ, ಇತ್ತಿಂದತ್ತ ಸಮನಾಗಿ ನಡೆದರೆ ಕಣದ ಬೆನ್ನಿಗೆ ಕಣ ನಿಂತು ಸಾಲಾಗುತ್ತದೆ. ಸಾಲು ಈ ತಗಡಿನಿಂದ ಆ ತಗಡಿಗೆ ಮುಟ್ಟಿದ ಗಳಿಗೆಯಲ್ಲಿ ಪೆಟ್ಟಿಗೆಯ ಮೇಲಿನ ಕಡಲೆಗಾತ್ರದ ದೀಪ ಹತ್ತುತ್ತದೆ, ಮನೆಯಲ್ಲಿ ಉಳಿದದ್ದು ಹೊರಟುಹೋಗುತ್ತದೆ.

ಎದುರು ಹಿಡಿಕೆಗೆ ಯಾರು ಎಂಬುದು ಸಾಮಾನ್ಯವಾಗಿ ಊರಿಗೆಲ್ಲ ಗೊತ್ತಿರುತ್ತದೆ. ನಮ್ಮವರು ಜಗಳದಲ್ಲಿ ಕೂಡ, "ನನ್ನ ಎದುರು ಹಿಡಿಕಿಗೆ ನೀನ ಬರಬೇಕು, ನೆಪ್ಪಿಟಗೋ" ಎಂದೇ ಬಯ್ಯುತ್ತಾರೆ. ಆದರೆ ತಪ್ಪಿ ಬೇರೆಯವರನ್ನು ಕೂರಿಸಿದರೆ ಸಾಲು ಕೂಡುವುದಿಲ್ಲ. ಮೂರು ಸಲ ಮಾತ್ರ ನೋಡಬಹುದು. ಆಮೇಲೆ ಬೆಳ್ಳಿ ಕಪ್ಪಾಗುತ್ತದೆ, ಎಣ್ಣೆಯಲ್ಲಿ ಏಳುವುದಿಲ್ಲ. ಉಳಿದದ್ದು ಆ ಮನೆಯಲ್ಲೇ ನಿಂತುಬಿಡುತ್ತದೆ. ಕೆಳಗಿನ ಓಣಿಯ ಮೂಲೆಮನೆಯಲ್ಲಿ ನಲವತ್ತು ವರ್ಷದಿಂದ ಒಂದು ಕೂಸು ಅಳುತ್ತಿದೆ. ಅದರ ತಾಯಿಗೆ ಈಗ ಹಲ್ಲಿಲ್ಲ, ಕಣ್ಣು ಕಾಣುವುದಿಲ್ಲ. ಆದರೂ ಅಳು ಕೇಳಿದೊಡನೆ ಬರಿ ತೊಟ್ಟಿಲು ತೂಗುತ್ತಾಳೆ. ಆ ಮನೆಯ ಮುಂದೆ ಹಾಯುವಾಗ ನಾವೆಲ್ಲ ದಾಪುಗಾಲು ಹಾಕುತ್ತೇವೆ.

ಒಂಬತ್ತನೆಯ ದಿನ ಮೌನೇಶಪ್ಪ ತೊಟ್ಟಿ ತಂದ. ನೀಲಗಂಗವ್ವನ ಕಾಲುಂಗುರಗಳನ್ನು ನನ್ನ ಎದುರಿನಲ್ಲೇ ಅರಕ್ಕೆ ಹಿಡಿದ. ನಮಗೆ ಮಕ್ಕಳಿಲ್ಲ. ಮನೆಯ ಹಿಡಿಕೆಗೆ ನಾನು ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಎದುರು ಹಿಡಿಕೆಗೆ ಅವಳ ತಮ್ಮ ಅಡಿವೆಪ್ಪನನ್ನು ಕರೆಸಿದ್ದೆ. ತಾಯಿ ತೀರಿಕೊಂಡಾಗ ಅವನು ಅಕ್ಕನಿಗೆ ಹೊತ್ತಿಗೆ ಸರಿಯಾಗಿ ಸುದ್ದಿ ಮುಟ್ಟಿಸಿರಲಿಲ್ಲ. ಅವಳು ಹೋಗುವಷ್ಟರಲ್ಲಿ ಮಣ್ಣು ಮುಗಿದಿತ್ತು. ಎರಡು ವರ್ಷ ಅವನೊಡನೆ ಮಾತು ಬಿಟ್ಟಿದ್ದಳು.

ಅಡಿವೆಪ್ಪ ಕುಳಿತ. ಹಿಡಿಕೆ ಒತ್ತುತ್ತಲೇ ಅತ್ತ. "ಅಕ್ಕಾ, ಗಾಡಿ ಸಿಗಲಿಲ್ಲವಾ, ಎತ್ತು ಕುಂಟಾಗಿತ್ತವಾ, ದೇವರಾಣಿ" ಎಂದ. ನಾನು ಮನಸ್ಸಿನಲ್ಲಿ ಪಂಚಾಕ್ಷರಿ ಜಪಿಸುತ್ತ ತಿರುಗಿಸಿದೆ. ಮಂಜಿನಂತೆ ಕದಡಿದ್ದ ಎಣ್ಣೆಯಲ್ಲಿ, ಅವನ ಕಡೆಯ ತಗಡಿನಿಂದ ಕೂದಲೆಳೆಯಷ್ಟು ಬೆಳ್ಳಿ ಸಾಲು ಹೊರಟಿತು. ಇರುವೆಗಳು ಸಕ್ಕರೆಗೆ ಹೊರಟಂತೆ ಕಣ ಕಣವಾಗಿ ನನ್ನ ಕಡೆಗೆ ಬಂತು. ಒಂದು ಬೆರಳಿನ ಅಂತರದಲ್ಲಿ ನಿಂತಿತು. ಇನ್ನೊಂದು ಗಂಟೆ ತಿರುಗಿಸಿದೆವು. ತೋಳು ಸೋತವು. ಬೆರಳಿನ ಅಂತರ ಹಾಗೇ ಇತ್ತು. ಕಂಬದ ಬುಡದಲ್ಲಿ ಉಸಿರು ಎಳೆಯುತ್ತಲೇ ಇತ್ತು.

"ಮಾಮಾ, ನಂದು ಆಕೀದು ಏನೂ ಬಾಕಿ ಇಲ್ಲ ಅನಸ್ತೈತಿ" ಎಂದು ಅಡಿವೆಪ್ಪ ಬೆವರು ಒರೆಸಿಕೊಂಡ. "ಹ್ವಾದ ವರ್ಷ ನನ್ನ ಮಗಳ ಸೀಮಂತದಾಗ ಎಲ್ಲಾ ಬೈದು ಮುಗಿಸ್ಯಾಳ. ಮಂದಿ ಮುಂದ ಬೈದ್ಲು. ಬೈದು, ಹೋಳಿಗಿ ನಾಕು ಹೆಚ್ಚಿಗಿ ಹಾಕಿದ್ಲು."

ಆ ದಿನದಿಂದ ನಾನು ಪೂಜೆಯನ್ನು ಹೆಚ್ಚಿಸಿದೆ. ಮೊದಲಿನಿಂದಲೂ ನನ್ನದು ಬೆಳಗು, ಮಧ್ಯಾಹ್ನ, ಸಂಜೆ ಮೂರು ಹೊತ್ತಿನ ಪೂಜೆ. ಮದುವೆಗೆ ಮುಂಚಿನಿಂದ ಒಂದು ಹೊತ್ತೂ ತಪ್ಪಿಸಿದವನಲ್ಲ. ಈಗ ಜಪವನ್ನು ಎರಡರಷ್ಟು ಮಾಡಿದೆ. ಧೂಪಾರತಿಗೆ ಕೆಂಡ ತುಂಬಿ ಲೋಬಾನ ಒಂದು ಹಿಡಿ ಹಾಕುತ್ತಿದ್ದವನು ಎರಡು ಹಿಡಿ ಹಾಕಿದೆ. ದೇವರ ಮುಂದೆ ಬೆಳಗಿ, ಕಂಬದ ಬಳಿಗೂ ಒಯ್ದು, ಅವಳಿಗೆ ಶಾಂತಿ ಸಿಗಲೆಂದು ಸುತ್ತಲೂ ಹಿಡಿದೆ. ಉಬ್ಬಸ ಹೆಚ್ಚಾಯಿತು. ಪೂಜೆಯ ಹೊತ್ತಿಗೆ ಅದು ಒಮ್ಮೊಮ್ಮೆ ಕೇಳಲಾರದಷ್ಟಾಗುತ್ತಿತ್ತು. ದಾಟುವ ಜೀವಕ್ಕೆ ಹೀಗೆ ಕಷ್ಟವಾಗುತ್ತದೆ, ಇದು ಒಳ್ಳೆಯ ಲಕ್ಷಣ ಎಂದು ನನಗೆ ನಾನೇ ಹೇಳಿಕೊಂಡೆ. ಮತ್ತಷ್ಟು ಹಾಕಿದೆ.

ಓಣಿಯವರು ಮನೆಯ ಮುಂದೆ ಹಾಯುವಾಗ ದನಿ ತಗ್ಗಿಸುತ್ತಿದ್ದರು. ಸೊಪ್ಪಿನವಳು ಕಿಟಕಿಯ ಬಳಿ ನಿಂತು, "ಅಮ್ಮಾರು ಇನ್ನೂ ಹಂಗ ಅದಾರೇನ್ರೀ?" ಎಂದು ಕೇಳಿ, ನಾನು ಬೇಡವೆಂದರೂ ಒಂದು ಕಟ್ಟು ಮೆಂತ್ಯ ಇಟ್ಟು ಹೋದಳು.

ಎದುರು ಹಿಡಿಕೆಗೆ ಯಾರು ಎಂದು ಯೋಚಿಸುತ್ತ ಕುಳಿತಾಗ ಹನ್ನೆರಡನೆಯ ದಿನ ನನಗೆ ಒಮ್ಮೆಲೇ ಹೊಳೆಯಿತು. ಪಕ್ಕದ ಮನೆಯ ಫಕೀರವ್ವ! ಇಷ್ಟು ದಿನ ಹೇಗೆ ಮರೆತೆ ಎಂದು ನನ್ನನ್ನೇ ಬೈದುಕೊಂಡೆ. ಹಿತ್ತಿಲ ಗೋಡೆಯ ಆಚೆಗೆ ಅವಳು, ಈಚೆಗೆ ನೀಲಗಂಗವ್ವ. ಮೂವತ್ತು ವರ್ಷ ಅವರ ಜಗಳ ಕೇಳಿದ್ದೇನೆ. ಕೋಳಿ ಗೋಡೆ ಹಾರಿತೆಂದು ಜಗಳ. ನುಗ್ಗೆಯ ಎಲೆ ಈಚೆ ಉದುರಿತೆಂದು ಜಗಳ. ನಾನು ಪೂಜೆಗೆ ಕುಳಿತು ಗಂಟೆ ಬಾರಿಸುವುದೇ ತಡ, ಹಿತ್ತಿಲಲ್ಲಿ ಫಕೀರವ್ವನ ದನಿ ಏಳುತ್ತಿತ್ತು: "ಏ ನೀಲಗಂಗಿ, ಹೊರಗ ಬಾ, ನಿನ್ನ ಬೆಕ್ಕು ಏನು ಮಾಡೇತಿ ನೋಡು ಬಾ!" ನೀಲಗಂಗವ್ವ ಮಾಡುವ ಕೆಲಸ ಬಿಟ್ಟು ಸೆರಗು ಸಿಕ್ಕಿಸಿಕೊಂಡು ಓಡುವಳು. ಮಂತ್ರದ ನಡುವೆ ಈ ಕಚ್ಚಾಟ ಕಿವಿಗೆ ಬಿದ್ದು ನಾನು ಎಷ್ಟೋ ಸಲ ಹಲ್ಲು ಕಡಿದಿದ್ದೇನೆ.

ನಾನು ಹೋದಾಗ ಫಕೀರವ್ವ ಅಂಗಳದಲ್ಲಿ ಕೋಳಿಗಳಿಗೆ ನುಚ್ಚು ಹಾಕುತ್ತಿದ್ದಳು. ಗಂಡ ಇಲ್ಲದ ಹೆಂಗಸು, ಅರವತ್ತೈದು ದಾಟಿದವಳು, ದನಿ ಮಾತ್ರ ಇಪ್ಪತ್ತರದು. ಬಂದ ಕಾರಣ ಹೇಳಿದೆ.

"ಸತ್ತ ಮ್ಯಾಲೂ ನನ್ನ ಬಿಡವಲ್ಲಳೇನ್ರೀ ಆಕಿ?" ಎಂದಳು. ಆಮೇಲೆ ನುಚ್ಚಿನ ಮೊರವನ್ನು ಕೆಳಗಿಟ್ಟಳು. "ಅಯ್ಯಾರ, ಜಗಳ ಆಡೇನಿ, ಇಲ್ಲ ಅನ್ನಂಗಿಲ್ಲ. ಆದ್ರ ನಂದೂ ಆಕೀದೂ ಉಳಿದದ್ದು ಏನೈತಿ? ಮುಂಜಾನಿ ಬೈದದ್ದು ಮುಂಜಾನಿಗೇ ಮುಗೀತಿತ್ತು. ನಾ ಆ ಹಿಡಿಕಿಗೆ ತಕ್ಕಾಕಿ ಅಲ್ಲರೀ."

"ಮೂವತ್ತು ವರ್ಷದ ಜಗಳ ಸಣ್ಣದೇನವ್ವಾ? ಹಟ ಬ್ಯಾಡ. ಎರಡನೇ ಸಲ ಇದು" ಎಂದೆ.

"ಹಟ ನನಗೈತೋ ನಿಮಗೈತೋ ದೇವರಿಗೆ ಗೊತ್ತು" ಎಂದಳು. "ಬರ್ತೀನಿ ನಡೀರಿ. ಆಕಿ ಹಂಗ ಎಳಕೋತ ಕುಂತದ್ದು ನನಗೂ ಗ್ವಾಡಿ ಆಚಿಂದ ಕೇಳಸ್ತೈತಿ. ನಾನೂ ಉಂಡು ಎಷ್ಟು ದಿನ ಆತು."

ಹದಿನಾಲ್ಕನೆಯ ದಿನ ಎರಡನೆಯ ತೊಟ್ಟಿ. ಅವಳು ಎದುರು ಹಿಡಿಕೆ ಹಿಡಿದಳು. ನಾನು ಮನೆಯ ಹಿಡಿಕೆ ಹಿಡಿದೆ. ಈ ಸಲ ಕೂಡಲೇಬೇಕೆಂಬ ಆತುರದಲ್ಲಿ ನಾನು ಜೋರಾಗಿ ಒತ್ತಿದೆನೆಂದು ಕಾಣುತ್ತದೆ, ಪುಡಿಯೆಲ್ಲ ಒಂದು ಕಡೆಗೆ ಹರಿದು ಗುಡ್ಡೆಯಾಗತೊಡಗಿತು.

"ಅಯ್ಯಾರ, ಹಗ್ಗ ಜಗ್ಗಾಟ ಅಲ್ಲ ಇದು" ಎಂದ ಮೌನೇಶಪ್ಪ. "ಆಕೀಗೂ ಪಾಳಿ ಕೊಡ್ರಿ."

ಕೈ ಸಡಿಲಿಸಿದೆ. ಫಕೀರವ್ವನ ಕಡೆಯಿಂದ ಸಾಲು ಎದ್ದಿತು. ಅಡಿವೆಪ್ಪನ ಸಾಲಿಗಿಂತ ದಪ್ಪ, ನೂಲು ಹಿಡಿದು ಎಳೆದಂತೆ ನೆಟ್ಟಗೆ, ಬಹಳ ಬೇಗ ಬಂತು. ಅದು ಬರುವ ರೀತಿ ಕಂಡು ನನಗೆ ಗೆದ್ದೆವು ಎನಿಸಿತು. ನಾನು ದೀಪದ ಕಡೆಗೆ ನೋಡಿದೆ. ದೀಪ ಹತ್ತಲಿಲ್ಲ. ತೊಟ್ಟಿಗೆ ಬಾಗಿ ನೋಡಿದರೆ, ನನ್ನ ತಗಡಿಗೆ ಒಂದು ಬೆರಳು ದೂರದಲ್ಲಿ ಸಾಲು ನಿಂತುಬಿಟ್ಟಿತ್ತು. ನನ್ನ ಕಡೆಯ ಎಣ್ಣೆಯಲ್ಲಿ ಒಂದು ಕಣವೂ ಎದ್ದಿರಲಿಲ್ಲ.

ಮೌನೇಶಪ್ಪ ತಗಡುಗಳನ್ನು ಒರೆಸಿ ಪೆಟ್ಟಿಗೆಗೆ ಹಾಕುತ್ತ, ನನ್ನ ಮುಖ ನೋಡದೆ ಹೇಳಿದ: "ಅಯ್ಯಾರ, ಸಣ್ಣ ಬಾಯಾಗ ದೊಡ್ಡ ಮಾತು ಅನ್ಕೋಬ್ಯಾಡ್ರಿ. ಎರಡೂ ಸಲ ಖಾಲಿ ಇದ್ದದ್ದು ನಿಮ್ಮ ಕಡೀನ."

"ಏನು ಹಂಗಂದ್ರ?"

"ನನಗೇನು ಗೊತ್ತು? ಬೆಳ್ಳಿ ತೋರಿಸಿದ್ದು ಹೇಳಿದೆ. ಇನ್ನೊಂದ ಸಲ ಉಳದೈತಿ. ಅವಸರ ಮಾಡಬ್ಯಾಡ್ರಿ."

ನನಗೆ ಸಿಟ್ಟು ಬಂತು. ನಲವತ್ತೊಂಬತ್ತು ವರ್ಷ ಬಾಳಿದ ಗಂಡ ನಾನು. ಅವಳಿಗೆ ಕೈ ಎತ್ತಿದವನಲ್ಲ. ಬೇರೆ ಹೆಣ್ಣನ್ನು ಕಣ್ಣೆತ್ತಿ ನೋಡಿದವನಲ್ಲ. ಅವಳ ಉಬ್ಬಸಕ್ಕೆ ಎಷ್ಟು ಕಷಾಯ ಅರೆದು ಕೊಟ್ಟಿದ್ದೇನೆ! ಮನೆಯ ಹಿಡಿಕೆ ನನ್ನದಲ್ಲದಿದ್ದರೆ ಇನ್ನಾರದು? ಮೌನೇಶಪ್ಪನಿಗೆ ನೀರು ಕೂಡ ಕೇಳದೆ ಕಳಿಸಿಬಿಟ್ಟೆ. ಫಕೀರವ್ವ ಬಾಗಿಲಲ್ಲಿ ನಿಂತು ಧೂಪಾರತಿಯ ಕಡೆಗೆ ಒಮ್ಮೆ ನೋಡಿ ಹೋದಳು.

ನಾಲ್ಕು ದಿನ ಹಾಗೇ ಕಳೆದವು. ಹೆದರಿಕೆ ನನ್ನನ್ನು ಹಿಡಿದಿತ್ತು. ಇನ್ನು ಒಂದೇ ಸಲ. ತಪ್ಪಿದರೆ, ನಾನು ಸತ್ತ ಮೇಲೂ ಈ ಮನೆಯಲ್ಲಿ ಅವಳು ಉಸಿರಿಗೆ ಪರದಾಡುತ್ತಲೇ ಇರುತ್ತಾಳೆ. ದೇವರ ಮುಂದೆ ಕುಳಿತು ಬೇಡಿಕೊಂಡೆ. ಅಳು ಬರಲಿಲ್ಲ.

ಹತ್ತೊಂಬತ್ತನೆಯ ದಿನ ಬೆಳಗ್ಗೆ ಪೂಜೆಗೆ ಕುಳಿತಿದ್ದೆ. ಲೋಬಾನ ಕೆಂಡಕ್ಕೆ ಬಿದ್ದು ಹೊಗೆ ಏಳುತ್ತಿತ್ತು. ಹಿತ್ತಿಲ ಬಾಗಿಲು ದಡಾರನೆ ತೆರೆದು ಫಕೀರವ್ವ ಒಳಗೆ ಬಂದಳು. ಮೂವತ್ತು ವರ್ಷದಲ್ಲಿ ಅವಳು ನಮ್ಮ ಪೂಜೆಯ ಹೊತ್ತಿನಲ್ಲಿ ಹೊಸ್ತಿಲು ದಾಟಿದ್ದು ಅದೇ ಮೊದಲು.

"ಏಳ್ರಿ ಅಯ್ಯಾರ" ಎಂದಳು.

"ಪೂಜಿ ನಡದೈತಿ, ಕಾಣ್ಸಂಗಿಲ್ಲೇನು?"

"ಕಾಣಸ್ತೈತಿ. ಅದಕ್ಕ ಬಂದೀನಿ. ಏಳ್ರಿ ಅಂದೆ."

ಅವಳ ದನಿಯಲ್ಲಿ ಜಗಳವಿರಲಿಲ್ಲ. ಅದಕ್ಕೇ ಇರಬೇಕು, ನಾನು ಎದ್ದೆ. ಅವಳು ನನ್ನನ್ನು ಹಿತ್ತಿಲ ಮೆಟ್ಟಿಲಿಗೆ ಕರೆದುಕೊಂಡು ಹೋಗಿ, ಗೋಡೆಯ ಪಕ್ಕದಲ್ಲಿ ಒಂದು ಕಲ್ಲು ತೋರಿಸಿ, "ಇಲ್ಲಿ ಕುಂಡರ್ರಿ" ಎಂದಳು. ಆ ಕಲ್ಲು ನಡುವೆ ತಗ್ಗುಬಿದ್ದು, ನುಣುಪಾಗಿತ್ತು. ನನ್ನ ಮನೆಯದೇ ಕಲ್ಲು. ನಾನು ಎಂದೂ ಅದರ ಮೇಲೆ ಕುಳಿತಿರಲಿಲ್ಲ. ಕುಳಿತೆ.

"ಈಗ ಕೇಳ್ರಿ."

ಒಳಗೆ ಹೊಗೆ ನಡುಮನೆಗೆ ಹರಡುತ್ತಿತ್ತು. ಕಂಬದ ಬುಡದ ಉಸಿರು ಕಿತ್ತುಕೊಂಡು ಎಳೆಯಿತು. ಆಮೇಲೆ ಅದು ಕದಲಿತು. ಅಡುಗೆಮನೆಯ ಬಾಗಿಲಿಗೆ ಬಂತು. ಹೊಸ್ತಿಲಿಗೆ ಬಂತು. ಮೆಟ್ಟಿಲಿಳಿದು, ನಾನು ಕುಳಿತಿದ್ದ ಕಲ್ಲಿನ ಮೇಲೆ, ನನ್ನ ಮಗ್ಗುಲಲ್ಲೇ ಬಂದು ಕುಳಿತು, ಹೊರಗಿನ ಗಾಳಿಯನ್ನು ಗುಟುಕು ಗುಟುಕಾಗಿ ಕುಡಿಯಿತು. ಹತ್ತೊಂಬತ್ತು ದಿನ ಪೂಜೆಯ ಹೊತ್ತಿಗೆ ಅದು ಇಲ್ಲಿಗೆ ಬಂದು ಹೋಗುತ್ತಿತ್ತು. ನಾನು ದೇವರ ಕಡೆಗೆ ಮುಖ ಮಾಡಿದ್ದವನು ನೋಡಿರಲಿಲ್ಲ.

ಫಕೀರವ್ವ ಗೋಡೆಗೆ ಒರಗಿ ನಿಂತಳು. "ಮೂವತ್ತು ವರ್ಷ ಇಲ್ಲೇ ಕುಂತಾಳ್ರೀ. ನಿಮ್ಮ ಗಂಟಿ ಬಾರಿಸಿದ ಕೂಡ್ಲೇ. ಮದ್ಲ ಮದ್ಲ ಬಾಯಾಗ ಸೆರಗು ತುರುಕ್ಕೊಂಡು ಒಳಗ ಕೆಮ್ಮತಿದ್ಲು. ಹೊರಗ ಬಾರವಾ ಅಂದೆ. 'ಪೂಜಿ ಬಿಟ್ಟು ಎದ್ದು ಬಂದ್ರ ಅವರಿಗೆ ಬ್ಯಾಸರ' ಅಂದ್ಲು. ಹಂಗಾರ ನಾ ಜಗಳ ತಗೀತೀನಿ, ನೀ ಜಗಳಕ್ಕ ಬಾ ಅಂದೆ. ಅವತ್ತಿನಿಂದ ನಾ ಒದರೂದು, ಆಕಿ ಓಡಿ ಬರೂದು. ಎರಡು ಮಾತು ಜೋರಾಗಿ ಬೈದು, ಆಮ್ಯಾಲ ಇಬ್ಬರೂ ಸುಮ್ಮಕ ಕುಂಡ್ರತಿದ್ವಿ. ಹೊಗಿ ಇಳಿಯೂತನಕ." ಅವಳು ಮೂಗು ಒರೆಸಿಕೊಂಡಳು. "ದಿನಾ ಒಂದು ಜಗಳ ಎಲ್ಲಿಂದ ತರಲಿ ಹೇಳ್ರಿ? ಇಲ್ಲದ ಬೆಕ್ಕಿನ ಮ್ಯಾಲ ಎಷ್ಟು ವರ್ಷ ಬೈದೀನಿ. ನಿಮ್ಮ ಮನ್ಯಾಗ ಬೆಕ್ಕು ಎಲ್ಲೈತಿ? ಒಂದ ದಿನಾನಾದ್ರೂ ಕೇಳೀರೇನು ನೀವು?"

ನಮ್ಮ ಮನೆಯಲ್ಲಿ ಬೆಕ್ಕು ಇರಲಿಲ್ಲ. ಎಂದೂ ಇರಲಿಲ್ಲ.

ನನಗೆ ಗೊತ್ತಿರಲಿಲ್ಲ ಎಂದು ಬರೆಯುವುದು ಸುಲಭ. ಅದು ಸುಳ್ಳು. ಮದುವೆಯಾದ ಮೊದಲ ವರ್ಷ, ಒಂದು ಬೆಳಗ್ಗೆ, ಅವಳು ಬಾಗಿಲಲ್ಲಿ ನಿಂತು ಮೆಲ್ಲಗೆ, ಹೊಗೆ ಸ್ವಲ್ಪ ಕಡಿಮೆ ಮಾಡಿದರೆ ಆಗುತ್ತದೆಯೇ ಎಂದು ಕೇಳಿದ್ದಳು. ನಾನು ಪೂಜೆಯ ನಡುವೆ ತಿರುಗಿ, "ದೇವರ ಧೂಪಕ್ಕ ಕೆಮ್ಮೋರು ಭಕ್ತರ ಮನಿಯಾಗ ಇರೂದಿಲ್ಲ" ಎಂದಿದ್ದೆ. ಅವಳಿಗೆ ಆಗ ಹದಿನೆಂಟು ವರ್ಷ. ಮತ್ತೆ ಅವಳು ಆ ಮಾತು ಎತ್ತಲಿಲ್ಲ. ಎತ್ತದೇ ಇದ್ದದ್ದರಿಂದ ಸರಿಹೋಯಿತೆಂದು ನಾನು ತಿಳಿದೆ. ಅಲ್ಲ, ತಿಳಿದಂತೆ ಇದ್ದುಬಿಟ್ಟೆ. ದೇವರ ಹೆಸರಿನಲ್ಲಿ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆಂದು ನನಗೆ ಯಾವ ಪುರಾಣವೂ ಕಲಿಸಿರಲಿಲ್ಲ. ದೇವರು ಹೊಗೆ ಕೇಳಿದ್ದನೇ? ಕೇಳಿದ್ದವನು ನಾನು. ನನಗೆ ಆ ವಾಸನೆ ಇಷ್ಟ.

ಒಳಗೆ ಹೋಗಿ ಧೂಪಾರತಿಯ ಕೆಂಡವನ್ನು ಹೊರಗೆ ತಂದು ನೀರು ಸುರಿದೆ. ಅಲ್ಲಿಂದ ನೇರವಾಗಿ ಮೌನೇಶಪ್ಪನ ಮನೆಗೆ ನಡೆದೆ. ಅವನು ನನ್ನನ್ನು ಕಂಡು ಎದ್ದು ನಿಂತ.

"ಮೌನೇಶಪ್ಪ, ಎದುರು ಹಿಡಿಕಿ ನನಗ ಕೊಡು" ಎಂದೆ.

"ಮನಿ ಹಿಡಿಕಿಗೆ?" ಎಂದಷ್ಟೇ ಕೇಳಿದ.

"ಫಕೀರವ್ವ."

ಅವನು ತೊಟ್ಟಿ ಹೆಗಲಿಗೇರಿಸಿದ. ಆ ದಿನವೇ, ಮಧ್ಯಾಹ್ನಕ್ಕೆ ಮುಂಚೆ, ನಡುಮನೆಯಲ್ಲಿ ಮೂರನೆಯ ತೊಟ್ಟಿ ಇಟ್ಟೆವು. ಅಕ್ಕನ ಕಾರ್ಯಕ್ಕೆಂದು ಊರಲ್ಲೇ ಉಳಿದಿದ್ದ ಅಡಿವೆಪ್ಪ ಸುದ್ದಿ ತಿಳಿದು ಓಡಿ ಬಂದ. ಗಂಡ ಎದುರು ಹಿಡಿಕೆಗೆ ಕೂರುವುದೆಂದರೇನು, ಗೋಡೆಯಾಚೆಯವಳು ಮನೆಯ ಹಿಡಿಕೆ ಹಿಡಿಯುವುದೆಂದರೇನು, ಊರು ಏನೆಂದೀತು ಎಂದು ಗೊಣಗಿದ. "ಮಾಮಾ, ಕಡೀ ಸಲ ಇದು. ತಪ್ಪಿದ್ರ?" ಎಂದ.

"ತಪ್ಪಿದ್ರ, ಇರೂತನಕ ನಾನ ಆಕೀ ಮಗ್ಗಲಕ ಕುಂಡ್ರತೀನಿ" ಎಂದೆ.

"ತಮ್ಮಾ, ನಿನಗ ಹೇಳ್ತೀನಿ ಕೇಳು" ಎಂದಳು ಫಕೀರವ್ವ, ಹಿಡಿಕೆಯ ಮುಂದೆ ಚಕ್ಕಳಮಕ್ಕಳ ಹಾಕುತ್ತ. "ನಿಮ್ಮಕ್ಕ ನನ್ನ ಜೋಡಿ ಕುಂತಷ್ಟು ತಾಸು ನಿನ್ನ ಜೋಡಿ ಕುಂತಿಲ್ಲ. ಆ ಕಡಿ ಸರಿ, ಗಾಳಿ ಬರಲಿ."

ಬೆಳ್ಳಿ ಆಗಲೇ ಬಣ್ಣ ಕಳೆದುಕೊಳ್ಳುತ್ತಿತ್ತು. ಎಣ್ಣೆಯಲ್ಲಿ ಕದಡಿದಾಗ ಮೊದಲಿನ ಮಂಜಿನ ಬಿಳುಪಿರಲಿಲ್ಲ, ಬೂದಿಯ ಬಣ್ಣವಿತ್ತು. ನಾನು ಎದುರು ಹಿಡಿಕೆ ಹಿಡಿದೆ. ಫಕೀರವ್ವ ಒತ್ತಿದಳು, ನಾನು ಬಿಟ್ಟೆ. ಅವಳು ಬಿಟ್ಟಳು, ನಾನು ಒತ್ತಿದೆ. ಅವಳ ಕಡೆಯ ತಗಡಿನಿಂದ ಸಾಲು ಹೊರಟಿತು, ನಿಧಾನವಾಗಿ. ನನ್ನ ಕಡೆ ಏನೂ ಇಲ್ಲ. ಬರಿ ಎಣ್ಣೆ. ಹತ್ತು ನಿಮಿಷ, ಹದಿನೈದು ನಿಮಿಷ. ಅದೇ ಒಂದು ಬೆರಳಿನ ಅಂತರಕ್ಕೆ ಸಾಲು ಬಂದು ನಿಂತಿತು.

ಫಕೀರವ್ವ ಹಲ್ಲು ಕಚ್ಚಿ, "ಬಾಯಿ ಬಿಡ್ರಿ ಅಯ್ಯಾರ. ಬರೀ ಕೈ ಆಡಿಸಿದ್ರ ಆಗಂಗಿಲ್ಲ" ಎಂದಳು.

ಸಭೆಗಳಲ್ಲಿ ಗಂಟೆಗಟ್ಟಲೆ ಮಾತಾಡಿದ ನನಗೆ ಬಾಯಿ ಬರಲಿಲ್ಲ. ನಾನು ಹೆಂಡತಿಯನ್ನು ಹೆಸರು ಹಿಡಿದು ಕರೆದವನೂ ಅಲ್ಲ. ನಮ್ಮ ಕಾಲದವರು ಕರೆಯುತ್ತಿರಲಿಲ್ಲ. "ಕೇಳಿಲ್ಲಿ" ಎಂದರೆ ಅವಳು ಬರುತ್ತಿದ್ದಳು.

"ಕೇಳಿಲ್ಲಿ" ಎಂದೆ.

ಕಂಬದ ಬುಡದಲ್ಲಿ ಉಸಿರು ಒಂದು ಕ್ಷಣ ತಡೆಯಿತು.

"ನಿನಗ ಹೊಗಿ ಆಗ್ತಿರಲಿಲ್ಲ. ನನಗ ಗೊತ್ತಿತ್ತು. ನೀ ಒಮ್ಮೆ ಹೇಳಿದ್ದಿ. ನಾ ದೇವರ ಮ್ಯಾಲ ಹಾಕಿ ನಿನ್ನ ಬಾಯಿ ಮುಚ್ಚಿಸಿದೆ. ದೇವರು ಹಂಗ ಹೇಳಿರಲಿಲ್ಲ. ನಾ ಹೇಳಿದ್ದು. ತಪ್ಪು ನಂದು, ಆತನದಲ್ಲ. ನೀ ಆತನ ಮ್ಯಾಲ ಬ್ಯಾಸರ ಮಾಡ್ಕೋಬ್ಯಾಡ. ನನ್ನ ಮ್ಯಾಲ ಮಾಡ್ಕೋ." ಇನ್ನೂ ಹೇಳಬೇಕಿತ್ತು. ಆಗಲಿಲ್ಲ. ಕೈ ಮಾತ್ರ ತಾನಾಗಿ ಒತ್ತುತ್ತ ಬಿಡುತ್ತ ಇತ್ತು.

"ನೋಡ್ರಿ" ಎಂದ ಮೌನೇಶಪ್ಪ, ಪಿಸುಮಾತಿನಲ್ಲಿ.

ನನ್ನ ಕಡೆಯ ತಗಡಿನ ಮೇಲೆ ಒಂದು ಕಣ ಎದ್ದು ನಿಂತಿತ್ತು. ಅದರ ಬೆನ್ನಿಗೆ ಇನ್ನೊಂದು. ಅವು ಒಂದನ್ನೊಂದು ಹಿಡಿದುಕೊಂಡು, ಫಕೀರವ್ವ ಒತ್ತಿದಾಗ ಸ್ವಲ್ಪ ಅತ್ತ ವಾಲಿ, ನಾನು ಒತ್ತಿದಾಗ ಇತ್ತ ವಾಲಿ, ಮತ್ತೆ ನೆಟ್ಟಗಾಗಿ, ಮುಂದೆ ಹೋದವು. ಅಡಿವೆಪ್ಪ ನನ್ನ ಬೆನ್ನ ಹಿಂದೆ ನಿಂತು ಉಸಿರು ಬಿಗಿಹಿಡಿದಿದ್ದ. ಬೆರಳಿನ ಅಂತರ ಅರ್ಧವಾಯಿತು. ಅಕ್ಕಿಕಾಳಿನಷ್ಟಾಯಿತು. ಆಮೇಲೆ ಅಂತರ ಎಲ್ಲಿತ್ತೆಂದು ಕಣ್ಣಿಗೆ ಕಾಣಲಿಲ್ಲ.

ದೀಪ ಹತ್ತಿತು.

ಕಂಬದ ಬುಡದಲ್ಲಿ ಅವಳ ಉಸಿರು ಒಮ್ಮೆ ಒಳಗೆ ಹೋಯಿತು. ಸಿಕ್ಕಿಕೊಳ್ಳುವ ಜಾಗದಲ್ಲಿ ಸಿಕ್ಕಿಕೊಳ್ಳಲಿಲ್ಲ. ಕಟಕಟಿಸಲಿಲ್ಲ. ತುಂಬ ಒಳಗೆ, ಎದೆಯ ತಳದವರೆಗೆ ಹೋಯಿತು; ನಲವತ್ತೊಂಬತ್ತು ವರ್ಷದಲ್ಲಿ ಅವಳು ಅಷ್ಟು ಉದ್ದದ ಉಸಿರು ಎಳೆದದ್ದನ್ನು ನಾನು ಕೇಳಿರಲಿಲ್ಲ. ಕೆಲಸ ಮುಗಿಸಿ ಕುಳಿತವರು ಬಿಡುವಂತೆ ಮೆಲ್ಲಗೆ ಹೊರಗೆ ಬಂತು. ಇನ್ನೊಂದಕ್ಕೆ ನಾವು ಕಾದೆವು. ಬರಲಿಲ್ಲ.

ಮನೆ ಸುಮ್ಮನಾಯಿತು. ಓಣಿಯಲ್ಲಿ ಯಾರೋ ಹಾಸಿಗೆ ಝಾಡಿಸುತ್ತಿದ್ದರು. ಎರಡು ಮನೆಯಾಚೆ ಒಗ್ಗರಣೆ ಸಿಡಿಯಿತು. ಇವೆಲ್ಲ ಇಷ್ಟು ದಿನ ಎಲ್ಲಿದ್ದವು ಎನಿಸಿತು.

ನನ್ನ ಕೈ ಇನ್ನೂ ಹಿಡಿಕೆಯನ್ನು ತಿರುಗಿಸುತ್ತಲೇ ಇತ್ತು. ಮೌನೇಶಪ್ಪ ಬಂದು ಮೆಲ್ಲಗೆ ಬಿಡಿಸಿದ. ಹಿಡಿಕೆ ನಿಂತೊಡನೆ ಸಾಲು ಸಡಿಲಗೊಂಡು, ಬೆಳ್ಳಿ ಎಣ್ಣೆಯ ತಳಕ್ಕೆ ಇಳಿಯಿತು. ಕಪ್ಪಾಗಿರಲಿಲ್ಲ. ಆಗ ನನಗೆ ಅಳು ಬಂತು. ಹತ್ತೊಂಬತ್ತು ದಿನದಿಂದ ಬಾರದೆ ನಿಂತಿದ್ದುದನ್ನೆಲ್ಲ, ಎಳೆ ಮಕ್ಕಳಂತೆ, ಬಾಯಿ ತೆರೆದು ಅತ್ತೆ. ಹಗುರವಾಯಿತು. ದುಃಖ ಹೋಯಿತೆಂದಲ್ಲ, ಅದು ನನ್ನದಾಗಿ ಉಳಿಯಿತು, ಅವಳಿಗೆ ಇನ್ನು ಅದರ ಭಾರವಿಲ್ಲ.

ಫಕೀರವ್ವ ತೋಳು ನೀವಿಕೊಳ್ಳುತ್ತ, "ಅತ್ತದ್ದು ಸಾಕೇಳ್ರಿ" ಎಂದಳು. ಅವಳ ಕೆನ್ನೆಯೂ ಒದ್ದೆಯಾಗಿತ್ತು. "ಕೊನಿಗೆ ನೀವು ಹೇಳಿದ್ದು ಕೇಳಿ ಹೋದ್ಲು ನೋಡ್ರಿ. ಈಗರೆ ಒಂದು ತುತ್ತು ಉಣ್ತೀರೋ, ಇಲ್ಲ ಅದಕ್ಕೂ ಮುಹೂರ್ತ ನೋಡ್ತೀರೋ?"

"ಏನು ಮಾಡೀಯವ್ವಾ?"

"ರೊಟ್ಟಿ, ಮೆಂತ್ಯದ ಪಲ್ಲೆ. ಖಾರ ಹೆಚ್ಚಾಗೇತಿ. ಸುಮ್ಮಕ ಉಣ್ಣಬೇಕು."

ನಡುಮನೆಯಲ್ಲೇ ನಾಲ್ವರೂ ಕುಳಿತು ಉಂಡೆವು. ಅಡಿವೆಪ್ಪ ಐದು ರೊಟ್ಟಿ ತಿಂದ. ನಾನು ಮೂರು ತಿಂದೆ. ಖಾರ ನಿಜವಾಗಿಯೂ ಹೆಚ್ಚಾಗಿತ್ತು. ಅವರೆಲ್ಲ ಹೋದ ಮೇಲೆ ಸ್ವಲ್ಪ ಬೆನ್ನು ಚಾಚೋಣವೆಂದು ಬರಿ ನೆಲದ ಮೇಲೆ ಮಲಗಿದೆ. ಕಿಟಕಿ ಬಾಗಿಲುಗಳೆಲ್ಲ ತೆರೆದೇ ಇದ್ದವು. ಗಾಳಿ ಆ ಕಡೆಯಿಂದ ಈ ಕಡೆಗೆ ಹಾಯುತ್ತಿತ್ತು.

ಎಚ್ಚರವಾದಾಗ ಹೊತ್ತು ಮುಳುಗಿ, ಮಠದಲ್ಲಿ ಮಂಗಳಾರತಿಯ ಗಂಟೆಯೂ ಮುಗಿದಿತ್ತು. ಮಧ್ಯಾಹ್ನದ ಪೂಜೆಯೂ ಆಗಿರಲಿಲ್ಲ, ಸಂಜೆಯದೂ ಆಗಿರಲಿಲ್ಲ; ಬುದ್ಧಿ ಬಂದಂದಿನಿಂದ ನನ್ನ ಪೂಜೆ ತಪ್ಪಿದ್ದು ಅದೇ ಮೊದಲು. ಗಾಬರಿಯಿಂದ ಎದ್ದು ಕೂರಬೇಕಾಗಿತ್ತು. ಏಳಲಿಲ್ಲ. ಕತ್ತಲಾಗುತ್ತಿದ್ದ ತೊಲೆಗಳನ್ನು ನೋಡುತ್ತ ಇನ್ನೂ ಸ್ವಲ್ಪ ಹೊತ್ತು ಮಲಗಿದ್ದೆ. ದೇವರು ಕಾದ.